ಬೀದಿಯಲ್ಲೇ ಬಾಳಿದ ಟ್ಯೂಬಾ

ಆತ್ಮೀಯ ಕನ್ನಡ ಬಂಧುಗಳೇ,

ರಜೆ ಬಂತೆಂದರೆ ನ್ಯೂ ಆರ್ಲಿಯನ್ಸ್‌ಗೆ ಹೋಗುವವರು ನಮ್ಮಲ್ಲಿ ಜಾಸ್ತಿ. ಜಾಕ್ಸನ್ ಚೌಕದಲ್ಲಿ, ಆ ಬಿಳಿ ಚರ್ಚಿನ ಎದುರು, ಎಲ್ಲರೂ ಒಂದು ಫೋಟೋ ತೆಗೆಸಿಕೊಂಡೇ ಬರುತ್ತೀರಿ. ಅದೇ ಚೌಕದಲ್ಲಿ ವರ್ಷಗಟ್ಟಲೆ ಟ್ಯೂಬಾ ಅನ್ನುವ ದೊಡ್ಡ ಹಿತ್ತಾಳೆ ವಾದ್ಯ ಊದಿದ ಆಂಥನಿ ಲೇಸನ್ ಬಗ್ಗೆ ಈ ಸಲ ಬರೆಯಬೇಕು ಅನ್ನಿಸಿತು. ಊರಿನವರು ಅವರನ್ನು ಕರೆಯುತ್ತಿದ್ದದ್ದು ‘ಟ್ಯೂಬಾ ಫ್ಯಾಟ್ಸ್’ ಅಂತ.

ಹುಟ್ಟಿದ್ದು 1950ರಲ್ಲಿ. ಒಲಿಂಪಿಯಾದಂಥ ಹಳೆಯ ಬ್ರಾಸ್ ಬ್ಯಾಂಡ್‌ಗಳಲ್ಲಿ, ಅಂದರೆ ಹಿತ್ತಾಳೆ ವಾದ್ಯಗಳ ತಂಡಗಳಲ್ಲಿ, ನುಡಿಸಿದರು. ಆಮೇಲೆ ಚೋಸನ್ ಫ್ಯೂ ಅನ್ನುವ ಸ್ವಂತ ಬ್ಯಾಂಡ್ ಕಟ್ಟಿದರು. ಯುರೋಪಿಗೂ ಹೋಗಿ ಬಂದರು. ಬಂದು ನಿಂತಿದ್ದು ಮತ್ತೆ ಆ ಚೌಕದಲ್ಲೇ.

ಅವರದು ಸೂಸಾಫೋನ್, ಅಂದರೆ ಹೊತ್ತು ನಡೆಯುವ ಟ್ಯೂಬಾ. ನೋಡಿದ್ದೀರಿ ಅಲ್ವಾ? ಕೊಳವೆ ಮೈಯನ್ನು ಸುತ್ತಿ, ಎಡ ಹೆಗಲ ಮೇಲೆ ಕೂತು, ತಲೆಯ ಮೇಲೆ ದೊಡ್ಡದಾಗಿ ಬಾಯಿ ತೆರೆದಿರುತ್ತದೆ. ಬೆರಳಿಗೆ ಮೂರು ವಾಲ್ವ್. ಮಿಕ್ಕಿದ್ದೆಲ್ಲ ತುಟಿ ಮತ್ತು ಉಸಿರು. ಅಷ್ಟು ಅಗಲದ ಕೊಳವೆ ಉಸಿರನ್ನು ನುಂಗಿಬಿಡುತ್ತದೆ. ಹಾಗಾಗಿ ಎಲ್ಲಿ ಉಸಿರೆಳೆಯಬೇಕು ಅನ್ನುವುದನ್ನೂ ತಾಳದೊಳಗೇ ಕೂರಿಸಬೇಕು. ಬಿಟ್ಟ ಜಾಗವೂ ಜನರನ್ನು ಕುಣಿಸಬೇಕು! 1930ರ ದಶಕದ ಹೊತ್ತಿಗೆ ಸಭಾಂಗಣದ ಜಾಜ್‌ನಲ್ಲಿ ಟ್ಯೂಬಾದ ಜಾಗಕ್ಕೆ ತಂತಿಯ ಡಬಲ್ ಬಾಸ್ ಬಂದುಬಿಟ್ಟಿತ್ತು. ಆದರೆ ಡಬಲ್ ಬಾಸ್ ಹೊತ್ತು ಮೆರವಣಿಗೆಯಲ್ಲಿ ನಡೆಯೋದು ಹೇಗೆ? ಬೀದಿ ಟ್ಯೂಬಾವನ್ನು ಬಿಡಲಿಲ್ಲ.

ನನಗೆ ಅವರು ದೊಡ್ಡವರಾಗಿ ಕಾಣೋದು ಇನ್ನೊಂದು ಕಾರಣಕ್ಕೆ. ವಾದ್ಯ ಹಿಡಿದು ಬಂದ ಹುಡುಗರನ್ನು ಅವರು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಹಳೆಯ ಹಾಡುಗಳು ಹಾಗೆ ಕೈಯಿಂದ ಕೈಗೆ ದಾಟಿದವು. 1983ರಲ್ಲಿ ಶುರುವಾಗಿ ಅದೇ ಬೀದಿಗಳಲ್ಲಿ ಊದಿ ಬೆಳೆದ ರೀಬರ್ತ್ ಬ್ರಾಸ್ ಬ್ಯಾಂಡ್ 2012ರಲ್ಲಿ ಗ್ರ್ಯಾಮಿ ಸಂಗೀತ ಪ್ರಶಸ್ತಿ ಪಡೆಯಿತು. ಅದನ್ನು ನೋಡಲು ಲೇಸನ್ ಇರಲಿಲ್ಲ. 2004ರ ಜನವರಿಯಲ್ಲಿ, 53ನೇ ವಯಸ್ಸಿಗೆ, ತೀರಿಕೊಂಡರು. ಊರಿನ ಪದ್ಧತಿಯಂತೆ ಬ್ಯಾಂಡ್ ನುಡಿಸಿಯೇ ಅವರನ್ನು ಕಳಿಸಿಕೊಟ್ಟರು. ಇಂಥ ಮೆರವಣಿಗೆ ಮೊದಲು ನಿಧಾನದ ಪ್ರಾರ್ಥನೆಯ ಹಾಡಿನೊಂದಿಗೆ ಸಾಗುತ್ತದೆ. ದೇಹವನ್ನು ಬೀಳ್ಕೊಟ್ಟ ಮೇಲೆ ಡ್ರಮ್ ಬಿಗಿಯಾಗುತ್ತದೆ, ಕೊಡೆ ಕರವಸ್ತ್ರಗಳು ಮೇಲೇಳುತ್ತವೆ. ಟ್ರೆಮೆ ಬಡಾವಣೆಯಲ್ಲಿ ಈಗ ಅವರ ಹೆಸರಿನ ಒಂದು ಚೌಕವೇ ಇದೆ.

ಕಳೆದ ಸಲ ಹೋದಾಗ ಜಾಕ್ಸನ್ ಚೌಕದಲ್ಲಿ ಒಬ್ಬ ಹುಡುಗ ಸೂಸಾಫೋನ್ ಊದುತ್ತಿದ್ದ. ಹಿತ್ತಾಳೆಯ ತುಂಬ ನೆಗ್ಗು, ಒಂದು ಕಡೆ ಟೇಪ್ ಸುತ್ತಿತ್ತು. ನಾವು ಸುಮ್ನೆ ಪಕ್ಕದಲ್ಲಿ ನಿಂತೆವು. ಮೊದಲು ಅದುರಿದ್ದು ಎದೆ, ಆಮೇಲೆ ಕಿವಿಗೆ ರಾಗ ಸಿಕ್ಕಿತು. ನೀವು ಹೋದಾಗಲೂ ಒಂದು ಹಾಡು ಮುಗಿಯುವವರೆಗೆ ನಿಲ್ಲಿ. ಮುಂದಿಟ್ಟ ಬಕೆಟ್ಟಿಗೆ ಒಂದಿಷ್ಟು ದುಡ್ಡು ಹಾಕಿ ಬನ್ನಿ.

ನಿಮ್ಮ ಸಂಪಾದಕ