ಶಾಲೆ ಮುಚ್ಚಿದಾಗ ಪಾಠ ನಡೆಸುವ ಯೋಜನೆ ಎಲ್ಲಿ? ಆಡಳಿತ ಮಂಡಳಿಗೆ ದೂರು

ಗೆ,
ಕಾರ್ಯದರ್ಶಿಗಳು,
ಶಾಲಾ ಆಡಳಿತ ಮಂಡಳಿ

ಮಾನ್ಯರೇ,

ಆಫೀಸಿಗೆ ಫೋನ್ ಮಾಡಿ ಮಾಡಿ ಸಾಕಾಗಿದೆ. ಪ್ರತಿ ಸಲವೂ 'ಮ್ಯಾನೇಜ್‌ಮೆಂಟ್‌ಗೆ ತಿಳಿಸ್ತೀವಿ' ಅನ್ನುತ್ತಾರೆ. ಆಮೇಲೆ ಯಾರೂ ತಿರುಗಿ ಫೋನ್ ಮಾಡುವುದಿಲ್ಲ. ಕಳೆದ ಶನಿವಾರದ ಪೋಷಕರ ಸಭೆ ಆದ ಮೇಲೆ, ಇನ್ನು ಬಾಯಿಮಾತಿನಿಂದ ಪ್ರಯೋಜನವಿಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

ಮಾರ್ಚ್ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಪಿಡುಗು ಎಂದು ಕರೆದು ಶಾಲೆಗಳು ಮುಚ್ಚಿದಾಗ ನಾವ್ಯಾರೂ ನಿಮ್ಮನ್ನು ದೂರಲಿಲ್ಲ. ಏಪ್ರಿಲ್ ಹೊತ್ತಿಗೆ ಜಗತ್ತಿನಲ್ಲಿ 150 ಕೋಟಿಗೂ ಜಾಸ್ತಿ ಮಕ್ಕಳು ಮನೆಯಲ್ಲೇ ಕೂತಿದ್ದರು. ಎಲ್ಲರಿಗೂ ಹೊಸದು, ಸರಿ. ಈಗ ಎರಡನೇ ಸಲ ಗೇಟಿಗೆ ಬೀಗ ಬಿದ್ದಿದೆ. ನಡುವೆ ಶಾಲೆ ತೆರೆದಿತ್ತಲ್ಲ, ಆಗ ಏನು ತಯಾರಿ ಮಾಡಿಕೊಂಡಿರಿ?

ನಾಲ್ಕನೇ ಕ್ಲಾಸಿಗೂ ಏಳನೇ ಕ್ಲಾಸಿಗೂ ಈಗಲೂ ಒಂದೇ ಹೊತ್ತಿಗೆ ಲೈವ್ ಪಾಠ. ಮನೆಯಲ್ಲಿರುವುದು ಒಂದೇ ಫೋನ್. ಮಗಳು ಪಾಠ ಕೇಳಿದರೆ ಮಗನಿಗೆ ಗೈರುಹಾಜರಿ. ರೆಕಾರ್ಡಿಂಗ್ ಕೊಡಿ ಅಂದರೆ ಇಲ್ಲ. ನೋಟ್ಸ್ ಅಂತ ಬರುವುದು ಅಡ್ಡಡ್ಡ ತೆಗೆದ ಫೋಟೋ, ಅದರ ಮೇಲೆ ಕೈಯ ನೆರಳು. ಭಿನ್ನರಾಶಿ ಲೆಕ್ಕದಲ್ಲಿ ಮೇಲಿನ ಅಂಕಿ ಕಾಣುತ್ತದೆ, ಕೆಳಗಿನದು ಕಾಣುವುದಿಲ್ಲ. ಇದಕ್ಕೆ ಟೀಚರ್‌ಗಳನ್ನು ನಾನು ದೂರುವುದಿಲ್ಲ. ಅವರು ಸ್ವಂತ ಫೋನಿನಲ್ಲಿ, ಸ್ವಂತ ಡೇಟಾ ಹಾಕಿಸಿಕೊಂಡು ಪಾಠ ಮಾಡುತ್ತಿದ್ದಾರೆ.

ಇಂಟರ್‌ನೆಟ್ ಇದ್ದರೇನೇ ಪಾಠ ಅಂತಲೂ ಇಲ್ಲ. 1937ರಲ್ಲಿ ಪೋಲಿಯೋ ಹರಡಿ ಶಿಕಾಗೋದಲ್ಲಿ ಶಾಲೆಗಳು ತೆರೆಯದಿದ್ದಾಗ ಮಕ್ಕಳಿಗೆ ರೇಡಿಯೋದಲ್ಲಿ ಪಾಠ ಹೇಳಿದರು. ಯಾವಾಗ ಯಾವ ಪಾಠ ಅನ್ನುವುದು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಪೋಷಕರು ಫೋನ್ ಮಾಡಿ ಕೇಳಿದರೆ ಉತ್ತರ ಹೇಳಲು ಜನರನ್ನು ಕೂರಿಸಿದ್ದರು. ನಿಮ್ಮಲ್ಲಿ ಇವತ್ತು ಆ ಫೋನ್ ಎತ್ತುವವರೂ ಇಲ್ಲ.

ಶನಿವಾರದ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ: 'ಎರಡು ಕ್ಲಾಸಿನ ಸಮಯ ಬೇರೆ ಬೇರೆ ಮಾಡೋಕಾಗುತ್ತಾ ಮೇಡಂ?' ಪ್ರಿನ್ಸಿಪಾಲರು ಉತ್ತರಿಸುವ ಮೊದಲೇ ನಿಮ್ಮ ಆಡಳಿತಾಧಿಕಾರಿ ನಡುವೆ ಬಾಯಿ ಹಾಕಿದರು. 'ಒಂದ್ನಿಮಿಷ, ಇವರದು ಬಾಕಿ ಇದೆ ಅಲ್ವಾ?' ಅಂದರು. ಪರದೆ ಮೇಲೆ ಬಾಕಿದಾರರ ಪಟ್ಟಿ ತೆರೆದರು. ಮೌಸ್ ನಿಧಾನವಾಗಿ ಇಳಿದು ಬಂದು ನನ್ನ ಮಗಳ ಹೆಸರಿನ ಮೇಲೆ ನಿಂತಿತು. ಹೆಸರು ಕೆಂಪು ಅಕ್ಷರದಲ್ಲಿತ್ತು. 'ಮೊದಲು ಫೀಸ್ ಕಟ್ಟಿ, ಆಮೇಲೆ ಸಲಹೆ ಕೊಡಿ' ಅಂದರು. ಅದು ಬಸ್ ಫೀಸ್, ಬಸ್ಸೇ ಓಡಿಲ್ಲ ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ನನ್ನ ಮೈಕ್ ಬಂದ್ ಮಾಡಿದರು. ನನ್ನ ತುಟಿ ಆಡುವುದು ಎಲ್ಲರಿಗೂ ಕಾಣುತ್ತಿತ್ತು, ಮಾತು ಯಾರಿಗೂ ಕೇಳುತ್ತಿರಲಿಲ್ಲ. ಕ್ಲಾಸ್ ಟೀಚರ್ ತಮ್ಮ ಕ್ಯಾಮೆರಾ ಆಫ್ ಮಾಡಿಕೊಂಡರು. ಮಗಳು ಪಕ್ಕದಲ್ಲೇ ಕೂತಿದ್ದಳು. 'ಅಮ್ಮ, ನನ್ನ ಹೆಸರು ಯಾಕೆ ಕೆಂಪಗಿದೆ?' ಅಂದಳು.

ಅಡ್ಮಿಷನ್ ದಿನ ನೀವೇ ಕೊಟ್ಟು ಸಹಿ ಹಾಕಿಸಿಕೊಂಡ ಕೈಪಿಡಿ ನಿಮಗೆ ಗೊತ್ತೇ ಇದೆ. ಬಸ್ ಓಡಿದ ತಿಂಗಳಿಗೆ ಮಾತ್ರ ಬಸ್ ಫೀಸ್ ಅಂತ ಅದರಲ್ಲಿದೆ. ಫೀಸ್ ವಿಚಾರ ಆಯಾ ಪೋಷಕರ ಹತ್ತಿರ ಮಾತ್ರ ಮಾತಾಡುತ್ತೇವೆ ಅಂತಲೂ ಇದೆ. ಶಾಲೆ ಜಾಸ್ತಿ ದಿನ ಮುಚ್ಚಿದರೆ 'ಪರ್ಯಾಯ ಬೋಧನಾ ಯೋಜನೆ' ಜಾರಿಗೆ ತರುತ್ತೇವೆ ಅಂತ ಬರೆದವರೂ ನೀವೇ. ಆ ಯೋಜನೆ ತೋರಿಸಿ. ಬಾಕಿ ಪಟ್ಟಿಗೆ ಬಣ್ಣ ಬಳಿಯುವಷ್ಟು ಶ್ರದ್ಧೆ ಪಾಠದ ಮೇಲೆ ಇದ್ದಿದ್ದರೆ ಈ ಪತ್ರವೇ ಬೇಕಿರಲಿಲ್ಲ.

ಕ್ಲಾಸಿನ ಸಮಯ ಬದಲಾಗಬೇಕು, ಪಾಠದ ರೆಕಾರ್ಡಿಂಗ್ ಸಿಗಬೇಕು. ಫೋನ್ ಇಲ್ಲದ ಮಕ್ಕಳಿಗೆ ವಾರವಾರ ಅಚ್ಚು ಹಾಕಿದ ಹಾಳೆ ಗೇಟಿನ ಹತ್ತಿರವಾದರೂ ಕೊಡಿ. ಟೀಚರ್‌ಗಳಿಗೆ ಡೇಟಾ ಖರ್ಚು ಕೊಡಿ. ಬಸ್ ಫೀಸ್ ರದ್ದು ಮಾಡಿ. ಆ ಪಟ್ಟಿಯಲ್ಲಿ ಹೆಸರು ತೋರಿಸಿದ ಪ್ರತಿ ಮಗುವಿನ ಮನೆಗೂ ಕ್ಷಮಾಪಣೆ ಪತ್ರ ಹೋಗಬೇಕು. ಇದನ್ನು ಮಾತ್ರ ನಾನು ಬಿಡುವುದಿಲ್ಲ.

ಹದಿನೈದು ದಿನದಲ್ಲಿ ಲಿಖಿತ ಉತ್ತರ ಬರದಿದ್ದರೆ ಕೈಪಿಡಿಯ ಪುಟಗಳ ಜೊತೆ ಶಿಕ್ಷಣ ಇಲಾಖೆಗೂ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ. ಪಟ್ಟಿಯಲ್ಲಿದ್ದ ಬೇರೆ ಪೋಷಕರೂ ಸಹಿ ಹಾಕಲು ಒಪ್ಪಿದ್ದಾರೆ. ಸಾಕ್ಷಿ ಹುಡುಕುವ ಕಷ್ಟ ನಮಗಿಲ್ಲ. ಸಭೆಯ ಪೂರ್ತಿ ವಿಡಿಯೋ ಅವತ್ತೇ ಸಂಜೆ ಪೋಷಕರ ಗ್ರೂಪಿಗೆ ಹಾಕಿದ್ದು ನಿಮ್ಮ ಆಫೀಸೇ.

ಇಂತಿ,
ನಾಲ್ಕು ಮತ್ತು ಏಳನೇ ತರಗತಿಯ ಇಬ್ಬರು ಮಕ್ಕಳ ತಾಯಿ