ಬೆಂಗ್ರೆಗೆ ಒಂದು ಹಲಗೆ ಬೇಕು

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಉಡುಪಿ ಜಿಲ್ಲೆಯ ‘ಜನರಿಲ್ಲದ ಕಡಲತೀರ’ಗಳ ಬಗ್ಗೆ ಒಂದಿಡೀ ಪುಟ ಬಂದಿತ್ತು. ಪಡುಕೆರೆ, ಮಟ್ಟು, ಹೂಡೆ, ಕೋಡಿಬೆಂಗ್ರೆ, ಎಲ್ಲದರ ಚಿತ್ರವೂ ಚಂದ ಇತ್ತು. ಸೋಮವಾರ ಬೆಳಿಗ್ಗೆಯೇ ಒಬ್ಬರು ಆ ಪುಟವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಬಂದು ನನ್ನ ರಿಕ್ಷಾ ಹತ್ತಿದರು. ಸಂತೆಕಟ್ಟೆಯಲ್ಲಿ 22 ವರ್ಷದಿಂದ ರಿಕ್ಷಾ ಓಡಿಸುವವನು ನಾನು. ನೀವು ಬರೆದದ್ದರಿಂದ ನನಗೆ ಒಂದು ಒಳ್ಳೆಯ ಬಾಡಿಗೆ ಸಿಕ್ಕಿತು, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ‘ಜನರಿಲ್ಲದ’ ಎಂಬ ಮಾತು ಓದಿ ನಗು ಬಂತು. ನಾನು ಹುಟ್ಟಿದ್ದೇ ಹೂಡೆಯಲ್ಲಿ. ಅಲ್ಲಿ ಜನ ಇಲ್ಲದಿದ್ದರೆ ನಾನು ಎಲ್ಲಿಂದ ಬಂದೆ ಮಾರಾಯ್ರೆ?

ಡಿಸೆಂಬರ್ ರಜೆಯ ಒಂದು ಬಾಡಿಗೆಯ ಕತೆ ಹೇಳುತ್ತೇನೆ. ದಾವಣಗೆರೆ ಕಡೆಯ ಒಂದು ಕುಟುಂಬ. ಅಜ್ಜ, ಮಗ, ಸೊಸೆ, ಮೊಮ್ಮಗಳು. ಅಜ್ಜ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವವರು, ಕಡಲು ಕಂಡದ್ದು ಹಿಂದಿನ ದಿನವಷ್ಟೇ. ಮಲ್ಪೆಗೆ ಹೋಗಿದ್ದರಂತೆ. ಹೇಗಾಯಿತು ಎಂದು ಕೇಳಿದೆ. “ಸಮುದ್ರ ಕಾಣಿಸ್ತು ತಮ್ಮಾ, ಕೇಳಿಸ್ಲಿಲ್ಲ” ಎಂದರು. ರಜೆಯಲ್ಲಿ ಅಲ್ಲಿನ ಸ್ಪೀಕರು, ಬೈಕು, ಜನರ ಬೊಬ್ಬೆ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೀದಾ ಕೆಮ್ಮಣ್ಣು ಊರಿನ ಮೇಲಿಂದ ಕೋಡಿಬೆಂಗ್ರೆಗೆ ಬಿಟ್ಟೆ, ನಮ್ಮ ಬಾಯಲ್ಲಿ ಅದು ಬರೀ ಬೆಂಗ್ರೆ.

ಹೂಡೆ ದಾಟಿ ಉತ್ತರಕ್ಕೆ ಹೋದ ಹಾಗೆ ನೆಲ ಸಪೂರ ಆಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಒಂದು ರಸ್ತೆ, ತೆಂಗಿನ ಮರ, ಮನೆಗಳು. ಕೆಲವು ಕಡೆ ರಿಕ್ಷಾದಲ್ಲಿ ಕುಳಿತೇ ಎರಡೂ ನೀರು ಕಾಣುತ್ತದೆ. ಅಜ್ಜ ಅತ್ತ ಒಮ್ಮೆ ಇತ್ತ ಒಮ್ಮೆ ಕತ್ತು ತಿರುಗಿಸುತ್ತಾ, ಇಷ್ಟು ನೀರಿಟ್ಟುಕೊಂಡು ನೀವು ಗದ್ದೆ ಯಾಕೆ ಮಾಡುವುದಿಲ್ಲ ಎಂದು ಕೇಳಿದರು. ಉಪ್ಪು ಎಂದೆ. ಆ ಮೇಲೆ ತುಂಬ ಹೊತ್ತು ಮಾತಾಡಲಿಲ್ಲ.

ಆ ದಿನ ಕೈರಂಪಣಿ ಬಿಟ್ಟಿದ್ದರು. ದೋಣಿಯಲ್ಲಿ ಬಲೆಯನ್ನು ಕಡಲಿಗೆ ಒಯ್ದು ಅರ್ಧಚಂದ್ರದ ಹಾಗೆ ಸುತ್ತಿ ತರುತ್ತಾರೆ. ಎರಡು ತುದಿಯ ಹಗ್ಗ ದಡದಲ್ಲಿರುತ್ತದೆ, ಎರಡೂ ಕಡೆ ಜನ ನಿಂತು ಎಳೆಯುವುದು. ಅಜ್ಜ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಯಾರೂ ಕರೆಯದೆ ಹೋಗಿ ಹಗ್ಗ ಹಿಡಿದರು. ಮಗ ಬೇಡಪ್ಪ ಬೇಡಪ್ಪ ಎಂದು ಓಡಿದ. ಎಳೆಯುವವರು ನಕ್ಕು ಜಾಗ ಬಿಟ್ಟುಕೊಟ್ಟರು. ಮುಕ್ಕಾಲು ಗಂಟೆ ಎಳೆದರು ಅವರು. ಕೊನೆಗೆ ಪಾಲು ಹಾಕುವಾಗ ಅವರಿಗೂ ಒಂದು ಬೊಗಸೆ ಬೂತಾಯಿ ಮೀನು ಕೊಟ್ಟರು. ಅಜ್ಜ ಲಿಂಗಾಯತರು, ಕೊರಳಲ್ಲಿ ಲಿಂಗ. ಬೇಡ ಎಂದರೆ ಅವರಿಗೆ ಬೇಸರ ಆದೀತೆಂದು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಆ ರಾತ್ರಿ ನಮ್ಮ ಮನೆಯಲ್ಲಿ ಪುಳಿಮುಂಚಿ.

ಅಷ್ಟಾದ ಮೇಲೆ ಅಜ್ಜನಿಗೆ ನೀರಿಗೆ ಇಳಿಯುವ ಆಸೆ ಹುಟ್ಟಿತು. ಮೀನು ಒಣ ಹಾಕುತ್ತಿದ್ದ ಅಕ್ಕನೊಬ್ಬರು ತಲೆ ಎತ್ತದೆಯೇ ಹೇಳಿದರು: “ಅಜ್ಜನಿಗೆ ಮೀಯಲಿಕ್ಕಾ? ಇಲ್ಲಿ ಬೇಡ. ಆ ಗಾಳಿಮರದ ಹತ್ತಿರ ಆಗ್ತದೆ, ಅದೂ ನೀರು ಏರುವಾಗ. ಈಗ ಇಳಿತ.” ಅಜ್ಜ ಒಂದು ಮಾತಾಡದೆ ದಡದಲ್ಲೇ ಕುಳಿತು ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಕಾಲು ಹುಗಿದುಕೊಂಡರು. ನಾಲೆಯ ನೀರು ಬಿಡುವ ದಿನಕ್ಕೆ ಕಾದು ಅಭ್ಯಾಸ ಇದ್ದವರು, ಕಾಯಲು ಹೇಳಿದರೆ ಕಾಯುತ್ತಾರೆ.

ಎಲ್ಲರೂ ಹಾಗೆ ಕಾಯುವುದಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

ಅದರ ಹಿಂದಿನ ವರ್ಷ ದಸರಾ ರಜೆಯಲ್ಲಿ ಐದು ಜನ ಕಾಲೇಜು ಹುಡುಗರನ್ನು ಇದೇ ಬೆಂಗ್ರೆಗೆ ಎರಡು ರಿಕ್ಷಾದಲ್ಲಿ ಕರೆದೊಯ್ದೆವು. ಬಾಡಿಗೆ ತೆಗೆದುಕೊಂಡು ನಾನು ಚಾ ಕುಡಿಯುತ್ತಾ ನಿಂತೆ. ಅವರು ತುದಿಗೆ, ಸೀತಾ ಮತ್ತು ಸ್ವರ್ಣಾ ಹೊಳೆಗಳು ಕಡಲು ಸೇರುವ ಅಳಿವೆಯ ಕಡೆಗೆ ನಡೆದರು. ದೋಣಿಯ ಅಂಚಿನಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ ಅಣ್ಣನೊಬ್ಬ “ಜಪ್ಪೊಡ್ಚಿ! ಜಪ್ಪೊಡ್ಚಿ!” ಎಂದು ಬೊಬ್ಬೆ ಹಾಕಿದ. ಇಳಿಯಬೇಡಿ ಎಂದು. ಗಾಬರಿಯಲ್ಲಿ ಅವನ ಬಾಯಿಗೆ ಬಂದದ್ದು ತುಳು. ಹುಡುಗರು ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ತಿರುಗಿ ಕೈ ಬೀಸಿ ಇನ್ನೂ ಮುಂದೆ ಹೋದರು. ಒಬ್ಬನ ಕಾಲು ಬಿಟ್ಟಿತು. ಆ ಅಣ್ಣನೇ ಇನ್ನಿಬ್ಬರ ಜೊತೆ ದೋಣಿ ನೂಕಿಕೊಂಡು ಹೋಗಿ ತಂದು ದಡಕ್ಕೆ ಹಾಕಿದ. ಹುಡುಗ ಬದುಕಿದ. ನಾನು ಚಾದ ಗ್ಲಾಸ್ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿಗೆ ಓಡಿದ್ದೆ ಎಂದು ಆಮೇಲೆ ಗೊತ್ತಾಯಿತು. ಅಳಿವೆ ನನಗೆ ಗೊತ್ತಿದ್ದದ್ದೇ. ಇಳಿಸುವಾಗ ಒಂದು ಮಾತು ಹೇಳಬಹುದಿತ್ತು, ಹೇಳಿರಲಿಲ್ಲ.

ಅಲ್ಲಿ ಬೋರ್ಡು ಇರಲಿಲ್ಲ ಎಂದಲ್ಲ, ಇತ್ತು. ಕಬ್ಬಿಣದ್ದು. ಉಪ್ಪುಗಾಳಿ ತಿಂದು ‘ಅಪಾ’ ಎಂಬ ಎರಡು ಅಕ್ಷರ ಉಳಿದಿತ್ತು. ಪೂರ್ತಿ ಇದ್ದರೂ ಏನು ಹೇಳುತ್ತಿತ್ತು? ಅಪಾಯ ಎಂದು ಬರೆದರೆ ಎಲ್ಲಿ, ಯಾವಾಗ ಎಂದು ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಮೀನು ಒಣಗಿಸುವ ಆ ಅಕ್ಕನಿಗೆ.

ಅವರಿಗೆ ಗೊತ್ತಿರುವುದು ಬಹಳ ಕಷ್ಟದ ವಿದ್ಯೆಯೇನಲ್ಲ. ಆರು ಗಂಟೆ ಹೊತ್ತು ನೀರು ಏರುತ್ತದೆ, ಆರು ಗಂಟೆ ಇಳಿಯುತ್ತದೆ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದಲ್ಲಿ ಎರಡು ಹೊಳೆಯ ನೀರೂ, ಒಳಗೆ ತುಂಬಿದ್ದ ಕಡಲ ನೀರೂ ಒಟ್ಟಿಗೆ ಅಳಿವೆಯಿಂದ ಹೊರಗೆ ಓಡುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಅದರ ರಭಸ ಹೆಚ್ಚು. ಅಳಿವೆ ಇಲ್ಲದ ಕಡೆಯೂ ಸೆಳೆತ ಇದೆ. ದಡಕ್ಕೆ ಬಡಿದ ನೀರು ಹಿಂದೆ ಹೋಗಬೇಕಲ್ಲ, ಹೊಯಿಗೆಯ ದಿಬ್ಬದಲ್ಲಿ ತಗ್ಗು ಸಿಕ್ಕಿದಲ್ಲಿ ಹೊಳೆಯ ಹಾಗೆ ಹರಿದು ಹೋಗುತ್ತದೆ. ಅಲ್ಲಿ ತೆರೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಹೊರಗಿನವರು ಹುಡುಕಿ ಹುಡುಕಿ ಅಲ್ಲೇ ಇಳಿಯುತ್ತಾರೆ, ಮಕ್ಕಳಿಗೆ ಒಳ್ಳೆಯದು ಎಂದು! ಸಿಕ್ಕಿಬಿದ್ದರೆ ದಡದ ಕಡೆಗೆ ಹೊಡೆದಾಡಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಬೇಕು. ಈಜು ಬಾರದವರು ಕೈಕಾಲು ಬಡಿಯದೆ ತೇಲುತ್ತಾ ಕೈ ಎತ್ತಿ ತೋರಿಸಬೇಕು.

ಮಲ್ಪೆಯಲ್ಲಿ ಜೀವರಕ್ಷಕರಿದ್ದಾರೆ, ಸೀಟಿ ಊದುತ್ತಾರೆ. ಪಡುಬಿದ್ರಿಗೆ 2020ರಲ್ಲಿ ಚೊಕ್ಕಟವಾದ, ಸುರಕ್ಷಿತ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು, ಅಲ್ಲಿ ವ್ಯವಸ್ಥೆ ಚೆನ್ನಾಗಿದೆ. ಪ್ರತಿ ಊರಿಗೂ ಅಷ್ಟು ಆಗಲಿಕ್ಕಿಲ್ಲ ಎಂದು ನನಗೂ ಗೊತ್ತು. ನಾನು ಕೇಳುವುದು ಒಂದು ಹಲಗೆ. ಮರದ್ದು. ಎಲ್ಲಿ ಇಳಿಯಬಹುದು, ಎಲ್ಲಿ ಕೂಡದು ಎಂದು ಅದರಲ್ಲಿ ದಡದ ಚಿತ್ರ ಬರೆದು ತೋರಿಸಬೇಕು. ಈ ದಿನದ ಇಳಿತ ಎಷ್ಟು ಗಂಟೆಗೆ ಎಂದು ಸೀಮೆಸುಣ್ಣದಲ್ಲಿ ಬರೆಯಲು ಕೆಳಗೆ ಒಂದು ಚೌಕ ಇರಲಿ. ಎಲ್ಲಿ ಏನು ಬರೆಯಬೇಕೆಂದು ಅಲ್ಲಿನ ಮೀನುಗಾರರೇ ಹೇಳಬೇಕು. ಮಳೆಗಾಲದಲ್ಲಿ ಹೊಯಿಗೆ ಕೊಚ್ಚಿಹೋಗಿ ಆಮೇಲೆ ಮತ್ತೆ ಬಂದು ಬೀಳುತ್ತದೆ, ತಗ್ಗು ಇದ್ದಲ್ಲೇ ಇರುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ, ದಸರಾ ರಜೆಗೆ ಮೊದಲು, ಅಳಿಸಿ ಹೊಸತು ಬರೆಯಬೇಕು. ಅದಕ್ಕೇ ಸಿಮೆಂಟಿನದ್ದು ಬೇಡ ಎನ್ನುವುದು.

ಇನ್ನೊಂದು, ಚುಟುಕಾಗಿ. ‘ಅಭಿವೃದ್ಧಿ’ ಎಂದು ಹೈಮಾಸ್ಟ್ ದೀಪ ಮಾತ್ರ ತರಬೇಡಿ. ಕುಂದಾಪುರದ ಕೋಡಿಯಲ್ಲಿ, ಮಂಗಳೂರಿನ ಸಸಿಹಿತ್ಲಿನಲ್ಲಿ ಕಡಲಾಮೆ ಮೊಟ್ಟೆ ಇಟ್ಟದ್ದು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಮರಿ ಹೊರಬಂದಾಗ ಬೆಳಕಿನ ಕಡೆಗೆ ನಡೆಯುತ್ತದೆ. ದೀಪ ರಸ್ತೆಯಲ್ಲಿದ್ದರೆ ರಸ್ತೆಗೆ ಬರುತ್ತದೆ. ರಾತ್ರಿ ಬಾಡಿಗೆ ಮಾಡುವ ನಮಗೆ ಅದರ ಮೇಲೆ ಚಕ್ರ ಹತ್ತಿಸುವ ಪಾಪ ಬೇಡ. ಮತ್ತೆ ಜೀಪಿನವರು, ದಯವಿಟ್ಟು ಒಣ ಹಾಕಿದ ಮೀನಿನ ಮೇಲೆ, ಬಲೆಯ ಮೇಲೆ ಗಾಡಿ ಬಿಡಬೇಡಿ. ಅದು ಖಾಲಿ ಜಾಗ ಅಲ್ಲ, ಅವರ ಅಂಗಳ.

ಹೆಸರು ಹಾಕಬೇಡಿ, ಗುಟ್ಟಾಗಿಡಿ ಎಂದು ನಾನು ಹೇಳುವುದಿಲ್ಲ. ನನ್ನ ಹೊಟ್ಟೆಪಾಡೂ ಅದರಲ್ಲೇ ಇದೆ. ಮುಂದಿನ ಸಲ ಚಿತ್ರದ ಕೆಳಗೆ, ಇಳಿಯುವ ಮೊದಲು ಅಲ್ಲಿರುವ ಯಾರನ್ನಾದರೂ ಕೇಳಿ ಎಂದು ಒಂದು ಸಾಲು ಹಾಕಿ. ನಾನು ಈಗ ಬೆಂಗ್ರೆಗೆ ಯಾರನ್ನು ಕರೆದೊಯ್ದರೂ ಮೊದಲು ಆ ಅಕ್ಕನ ಹತ್ತಿರ ನಿಲ್ಲಿಸುತ್ತೇನೆ, ಆಮೇಲೆಯೇ ಬಾಡಿಗೆ ತೆಗೆದುಕೊಳ್ಳುವುದು.

ಹಲಗೆಗೆ ಒಂದು ಹಳೆಯ ಬಾಗಿಲು ನನ್ನ ಮನೆಯಲ್ಲಿ ಇದೆ, ಹಲಸಿನದ್ದು, ಗಟ್ಟಿ ಉಂಟು. ಬಣ್ಣದ ಖರ್ಚು ಸ್ಟ್ಯಾಂಡಿನವರು ಹಾಕುತ್ತೇವೆ. ಎಲ್ಲಿ ನಿಲ್ಲಿಸಬೇಕು, ಯಾರ ಅನುಮತಿ ಬೇಕು ಎಂದು ಸಂಬಂಧಪಟ್ಟವರು ತಿಳಿಸಿದರೆ ಸಾಕು, ರಿಕ್ಷಾದ ಮೇಲೆ ಕಟ್ಟಿಕೊಂಡು ನಾನೇ ತರುತ್ತೇನೆ.

ಇತಿ,
ಒಬ್ಬ ರಿಕ್ಷಾ ಚಾಲಕ
ಸಂತೆಕಟ್ಟೆ, ಉಡುಪಿ