ಗ್ರಾಫನ್ನು ಒತ್ತಿ ನೋಡಿ ಅಂಕ ಕೊಡಿ

ಮಾನ್ಯರೇ,

ಪದವಿ ತರಗತಿಗಳ ಪ್ರಾಯೋಗಿಕ ಪರೀಕ್ಷೆಗಳು ಹತ್ತಿರವಾಗುತ್ತಿವೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲ್ಯಾಬಿನಲ್ಲಿ ಗ್ರಾಫ್ ಎಂದರೆ ಇಂದಿಗೂ ಮುದ್ರಿಸಿ, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ, ಸಹಿ ಹಾಕಿಸಿಕೊಳ್ಳುವ ಚಿತ್ರ. ಅಂಕ ಸಿಗುವುದೂ ಆ ಕಾಗದಕ್ಕೇ. ಮೌಸ್ ಒತ್ತಿದರೆ ಉತ್ತರ ಕೊಡುವ ಗ್ರಾಫ್ ಮಾಡಿದವರ ಶ್ರಮ ಅಲ್ಲಿ ಕಾಣುವುದೇ ಇಲ್ಲ.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಚಿಂಚೋಳಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಜಿಲ್ಲೆಯ ತಾಲ್ಲೂಕುವಾರು ಮಳೆಯ ಕಂಬಚಿತ್ರ ಬರೆದು, ಯಾವುದೇ ಕಂಬವನ್ನು ಒತ್ತಿದರೆ ಆ ತಾಲ್ಲೂಕಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳವಾರು ಮಳೆ ಪಕ್ಕದಲ್ಲೇ ತೆರೆಯುವಂತೆ ಮಾಡಿದ್ದಳು. ಪೈಥಾನ್‌ನಲ್ಲಿ ಗ್ರಾಫ್ ಬರೆಯುವ ಲೈಬ್ರರಿಯಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕಂಬಗಳಿಗೆ ‘ಪಿಕರ್’ ಗುಣ, ಅಂದರೆ ಒತ್ತಿದರೆ ಗುರುತಿಸಿಕೊಳ್ಳುವ ಗುಣ ಕೊಟ್ಟು, ‘ಪಿಕ್ ಇವೆಂಟ್’ (ಕಂಬವನ್ನು ಒತ್ತಿದ ಘಟನೆ) ನಡೆದಾಗ ಯಾವ ಫಂಕ್ಷನ್ (ಹೆಸರಿಟ್ಟ ಕೋಡಿನ ತುಣುಕು) ಓಡಬೇಕೆಂದು ಗ್ರಾಫ್ ಮೂಡುವ ಕ್ಯಾನ್ವಾಸಿಗೆ ತಿಳಿಸಿಟ್ಟರೆ, ಒತ್ತಿದ ಕಂಬ ಯಾವುದೆಂಬ ಮಾಹಿತಿ ಆ ಫಂಕ್ಷನ್ನಿಗೆ ತಲುಪುತ್ತದೆ. ಬಿತ್ತುವ ಹೊತ್ತಿಗೆ ಮಳೆ ಬಂದಿತ್ತೇ, ಆಮೇಲೆ ಹೊಲದಲ್ಲಿ ನೀರು ನಿಲ್ಲುವಷ್ಟು ಸುರಿಯಿತೇ ಎಂಬುದು ತೊಗರಿ ಬೆಳೆಯುವ ಮನೆಯ ಮಗಳಿಗೆ ಗೊತ್ತಿರುವ ಪ್ರಶ್ನೆ. ಮುಂಗಾರಿನ ಒಟ್ಟು ಮೊತ್ತ ಅದಕ್ಕೆ ಉತ್ತರಿಸುವುದಿಲ್ಲ. ಬಾಹ್ಯ ಪರೀಕ್ಷಕರು ಮುದ್ರಿತ ಹಾಳೆಯನ್ನಷ್ಟೇ ನೋಡಿ ಮುಂದಿನವರನ್ನು ಕರೆದರು. ಅವಳ ಮುಖ ನೋಡಲಾಗಲಿಲ್ಲ.

ಕಲಿಸುವಲ್ಲಿಯೂ ತೊಡಕುಗಳಿವೆ. ಬ್ರೌಸರಿನಲ್ಲಿ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಸಾಮಾನ್ಯವಾಗಿ ಗ್ರಾಫನ್ನು ಬರಿಯ ಚಿತ್ರವಾಗಿ ತೋರಿಸುತ್ತದೆ. ಎಷ್ಟು ಒತ್ತಿದರೂ ಏನೂ ಆಗದು. ಮಕ್ಕಳು ಸರಿಯಾದ ಕೋಡನ್ನೇ ತಪ್ಪೆಂದು ಅಳಿಸಿಬಿಡುತ್ತಾರೆ. ಐಪಿವೈಎಂಪಿಎಲ್ (ipympl) ಎಂಬ ಹೆಚ್ಚುವರಿ ಪ್ಯಾಕೇಜ್ ಹಾಕಿ, ಒತ್ತಿದ್ದಕ್ಕೆ ಸ್ಪಂದಿಸುವ ‘ವಿಜೆಟ್’ ವಿಧಾನಕ್ಕೆ ಬದಲಿಸಿದರೆ ಅದೇ ಕೋಡ್ ಕೆಲಸ ಮಾಡುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಗ್ರಾಫಿನ ಜೊತೆ ಇಡುವ ಬಟನ್. ಫಂಕ್ಷನ್ನಿನೊಳಗೆ ಬಟನ್ ಮಾಡಿ, ಅದನ್ನು ಹೊರಗಿನ ವೇರಿಯೇಬಲ್‌ನಲ್ಲಿ ಉಳಿಸಿಕೊಳ್ಳದಿದ್ದರೆ, ಪರದೆಯ ಮೇಲೆ ಬಟನ್ ಕಾಣುತ್ತಲೇ ಇರುತ್ತದೆ, ಒತ್ತಿದರೆ ಸುಮ್ಮನಿರುತ್ತದೆ. ಲೈಬ್ರರಿ ಅದರ ಕೈಯನ್ನು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಫಂಕ್ಷನ್ ಮುಗಿದ ಮೇಲೆ ಬೇರೆ ಯಾರಿಗೂ ಬೇಡವಾದ ಆ ವಸ್ತುವನ್ನು ಪೈಥಾನ್ ಮೆಮೊರಿಯಿಂದ ತೆಗೆದುಹಾಕುತ್ತದೆ. ದೋಷದ ಸಂದೇಶವೂ ಬರುವುದಿಲ್ಲ. ಇಂಥದ್ದನ್ನು ಹುಡುಕಿ ಸರಿಪಡಿಸುವ ವಿದ್ಯಾರ್ಥಿ ಭಾಷೆಯ ಒಳಗನ್ನೇ ಅರಿತಿರುತ್ತಾನೆ. ಆ ಅರಿವನ್ನು ಅಳೆಯಲು ಅಂಟಿಸಿದ ಚಿತ್ರದಿಂದ ಸಾಧ್ಯವಿಲ್ಲ.

ಪರೀಕ್ಷಾ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟೇ. ಒಂದು ಪ್ರಶ್ನೆಗಾದರೂ ಪರೀಕ್ಷಕರು ಕಂಪ್ಯೂಟರ್ ಮುಂದೆ ಕುಳಿತು, ತಾವೇ ಮೌಸ್ ಹಿಡಿದು ಒತ್ತಿ ನೋಡಿ ಅಂಕ ಕೊಡಲಿ. ಗ್ರಾಫಿನ ಚೌಕಟ್ಟಿನ ಹೊರಗೂ ಒಮ್ಮೆ ಒತ್ತಲಿ. ಅಲ್ಲಿ ಒತ್ತಿದ ಬಿಂದುವಿಗೆ ಗ್ರಾಫಿನ ಅಕ್ಷದ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ, ಅದನ್ನು ಮುಂಚೆಯೇ ಯೋಚಿಸಿ ಬರೆದವರು ಯಾರೆಂದು ತಕ್ಷಣ ತಿಳಿಯುತ್ತದೆ. ರೆಕಾರ್ಡ್ ಪುಸ್ತಕಕ್ಕೆ ಕೋಡ್ ಜೊತೆ, ಒತ್ತುವ ಮೊದಲಿನ ಮತ್ತು ನಂತರದ ಎರಡು ಚಿತ್ರಗಳು ಸಾಕು. ಪಠ್ಯಕ್ರಮ ಬದಲಾಗಬೇಕಿಲ್ಲ, ಒಂದು ಸುತ್ತೋಲೆ ಹೊರಟರೆ ಈ ಸೆಮಿಸ್ಟರ್‌ನಿಂದಲೇ ಆಗುವ ಕೆಲಸವಿದು.

– ಅತಿಥಿ ಉಪನ್ಯಾಸಕಿ, ಗಣಕವಿಜ್ಞಾನ ವಿಭಾಗ, ಕಲಬುರಗಿ